ಚೆಂಡಿನ ಖೋಲಿಯ ಕೀಲಿಕೈ

ಕಳೆದ ತಿಂಗಳು ನಾಸಿಕ್‌ನ ಕಾಲೇಜೊಂದರಲ್ಲಿ ಪಾಲಕರ ಸಭೆ ನಡೆಯಿತು. ನನ್ನ ಮಗಳು ಅಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಾಳೆ. ಹಾಜರಾತಿ, ಶುಲ್ಕ, ಕ್ಯಾಂಟೀನಿನ ದೂರು ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಕೊನೆಯ ವಿಷಯವೊಂದು ಬಂತು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಈ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಕಳಿಸುವುದು ಬೇಡವೆಂದು ಆಡಳಿತ ಮಂಡಳಿ ಯೋಚಿಸುತ್ತಿದೆ. ಮೂರು ವರ್ಷಗಳಿಂದ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದಾರೆ, ಪ್ರಯಾಣದ ಖರ್ಚಿದೆ, ಜೊತೆಯಲ್ಲಿ ಹೋಗಲು ಅಧ್ಯಾಪಕಿಯರು ಮುಂದೆ ಬರುವುದಿಲ್ಲ, ಹುಡುಗಿಯರಲ್ಲೂ ಅಂಥ ಆಸಕ್ತಿ ಕಾಣುವುದಿಲ್ಲ. ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ನನ್ನ ಆಕ್ಷೇಪವಿತ್ತು. ಆದರೂ ನಾನು ಸುಮ್ಮನೆ ಕುಳಿತೆ.

ಸುಮ್ಮನಿದ್ದುದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವಳಿಗೆ ಸಭೆಯಲ್ಲಿ ಎದ್ದು ನಿಂತು ಬೇಡವೆನ್ನುವ ರೂಢಿ ತಪ್ಪಿಹೋಗಿರುತ್ತದೆ. ಮರಾಠಿಯಲ್ಲಿ ತರಕಾರಿ ಕೊಳ್ಳಬಲ್ಲೆ, ನೆರೆಯವರೊಡನೆ ಹರಟಬಲ್ಲೆ. ಐವತ್ತು ಜನರೆದುರು ವಾದ ಹೂಡುವ ಧೈರ್ಯ ಬರಲಿಲ್ಲ. ಹೊರಗಿನಿಂದ ಬಂದವರು ನಾವು, ನಮಗೇಕೆ ಎಂಬ ಹಳೆಯ ಮಾತೂ ಒಳಗಿತ್ತು. ಹೊರನಾಡಿನಲ್ಲಿ ಬಾಳುವ ನಮ್ಮಲ್ಲಿ ಬಹುತೇಕರಿಗೆ ಈ ಮಾತು ಗೊತ್ತು. ವಿನಯದ ಉಡುಪು ತೊಟ್ಟ ಅಂಜಿಕೆ ಅದು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕುಳಿತ ಮಗಳು ಕೇಳಿದಳು: “ಅವ್ವಾ, ನೀ ಏನಂದಿ?” ಏನೂ ಅನ್ನಲಿಲ್ಲವೆಂದೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ಹೇಳಿದಳು: “ಆಸಕ್ತಿ ಇಲ್ಲಂತ ಅಂದ್ರಲ್ಲಾ, ಚೆಂಡಿನ ಖೋಲಿ ಕೀಲಿಕೈ ಐದಕ್ಕ ಸಿಪಾಯಿ ತಗೊಂಡು ಮನಿಗೆ ಹೋಗ್ತಾನ. ನಮ್ಮ ಕ್ಲಾಸು ಬಿಡೋದು ಐದಕ್ಕ.” ಆಡಳಿತ ಮಂಡಳಿಯ ಟಿಪ್ಪಣಿಯಲ್ಲಿ ಇಲ್ಲದ ಸಂಗತಿ ಆ ಒಂದು ಮಾತಿನಲ್ಲಿತ್ತು. ಸಭೆಯಲ್ಲಿ ಆಡದ ಮಾತನ್ನು ಇಲ್ಲಿಯಾದರೂ ಬರೆಯೋಣವೆಂದು ಈ ಲೇಖನ.

*

ನನ್ನ ಮೌನಕ್ಕೆ ಹಳೆಯದೊಂದು ಲೆಕ್ಕವೂ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ನಾನೂ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ನಾನು ಸಾಧಾರಣ ಆಟಗಾರ್ತಿ. ಹನ್ನೆರಡು ಜನ ಬೇಕೆಂದು ಸೇರಿಸಿಕೊಂಡಿದ್ದರು. ಆದರೆ ನಮ್ಮಲ್ಲೊಬ್ಬಳು ನಿಜವಾದ ಆಟಗಾರ್ತಿಯಿದ್ದಳು. ಎಡಗೈಯವಳು. ಅವಳು ಚೆಂಡು ಹಿಡಿದರೆ ಅಂಕಣದ ಅಂಚಿನಲ್ಲಿ ನಿಂತು ಗೇಲಿ ಮಾಡುತ್ತಿದ್ದ ಹುಡುಗರೂ ಬಾಯಿ ಮುಚ್ಚುತ್ತಿದ್ದರು. ನಾವು ಸೋಲುತ್ತಿದ್ದೆವು, ಚೆನ್ನಾಗಿಯೇ ಸೋಲುತ್ತಿದ್ದೆವು. ನಮ್ಮ ಕೊನೆಯ ವರ್ಷ ಪ್ರವೇಶದ ಅರ್ಜಿಯನ್ನು ಕಾಲೇಜು ಕಳಿಸಲೇ ಇಲ್ಲ. ತಂಡ ಬೇಡವೆಂದು ಯಾರೂ ತೀರ್ಮಾನಿಸಿರಲಿಲ್ಲ. ಕೊನೆಯ ದಿನ ದಾಟಿಹೋಯಿತು, ಅಷ್ಟೇ. ನಾವೂ ಕೇಳಲಿಲ್ಲ; ಪರೀಕ್ಷೆಗೆ ಓದಲು ಬಿಡುವಾಯಿತೆಂದು ಒಳಗೊಳಗೆ ಸಮಾಧಾನಪಟ್ಟೆವು.

ಆ ಅರ್ಜಿಯ ಬೆಲೆ ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ, ನಿಯಮಗಳ ಕಟ್ಟನ್ನು ಓದುವಾಗ. ಕೇಂದ್ರ ಸರಕಾರದ ‘ಗ್ರೂಪ್ ಸಿ’ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇಕಡಾ 5ರವರೆಗೆ ಪ್ರತಿಭಾವಂತ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ಮಾನ್ಯ ಕ್ರೀಡೆಗಳ ಪಟ್ಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಇದೆ. ಅದಕ್ಕೆ ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿರಲೇಬೇಕೆಂದಿಲ್ಲ; ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರು. ಅಂತರ ಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವರು ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ವಲಯ ಮಟ್ಟಕ್ಕೆ, ಅಲ್ಲಿಂದ ಪ್ರಮಾಣಪತ್ರಕ್ಕೆ, ಪ್ರಮಾಣಪತ್ರದಿಂದ ರೈಲ್ವೆಯ, ಅಂಚೆಯ, ತೆರಿಗೆಯ ಕಚೇರಿಯ ಬಾಗಿಲಿಗೆ. ಇದು ಏಣಿ. ಸೋಲುವ ಕಾಲೇಜಿನಲ್ಲಿಯೂ ಗೆಲ್ಲುವ ಹುಡುಗಿಯೊಬ್ಬಳು ಇರಬಹುದು. ತಂಡವೇ ಹೋಗದಿದ್ದರೆ ಅವಳ ಪಾಲಿಗೆ ಏಣಿಯ ಮೊದಲ ಮೆಟ್ಟಿಲೇ ಇಲ್ಲ. ನಾನು ಪರೀಕ್ಷೆ ಬರೆದು ನೌಕರಿ ಹಿಡಿದೆ. ಓದಿನಲ್ಲಿ ಹಿಂದಿದ್ದ ಆ ಎಡಗೈ ಹುಡುಗಿಗೆ ಇದ್ದದ್ದು ಆ ಒಂದೇ ಬಾಗಿಲು. ಮರುವರ್ಷವೇ ಅವಳ ಮದುವೆಯಾಯಿತು. ಆಮೇಲೆ ಅವಳು ಚೆಂಡು ಮುಟ್ಟಿದ್ದನ್ನು ನಾನು ಕೇಳಿಲ್ಲ.

ಆದ್ದರಿಂದ, ಹುಡುಗಿಯರ ತಂಡವನ್ನು ಕಳಿಸದಿರುವುದು ಉಳಿತಾಯದ ವಿಷಯವೆಂದು ಯಾರಾದರೂ ಹೇಳಿದಾಗ ಯಾರ ಉಳಿತಾಯ, ಯಾರ ಖರ್ಚು ಎಂದು ಕೇಳಬೇಕೆನಿಸುತ್ತದೆ.

*

ಸೋಲುವ ತಂಡದ ವಿಷಯ ಬಂದಾಗ ಇತ್ತೀಚೆಗೆ ‘ಸಂಸ್ಕೃತಿ ಬದಲಾಗಬೇಕು’ ಎಂಬ ಮಾತು ಹೆಚ್ಚು ಕೇಳುತ್ತೇವೆ. ಕಚೇರಿಯ ತರಬೇತಿ ಶಿಬಿರಗಳಲ್ಲೂ ಇದೇ ಮಾತು. ಇಂಗ್ಲಿಷ್ ಸಾಹಿತ್ಯ ಓದಿ ಬಂದ ನನಗೆ ಈ ಪದವನ್ನು ಕನ್ನಡಕ್ಕೆ ತರುವಾಗಲೆಲ್ಲ ತೊಡಕಾಗುತ್ತದೆ. ನಮ್ಮಲ್ಲಿ ಸಂಸ್ಕೃತಿಯೆಂದರೆ ವೇದಿಕೆ, ದೀಪ, ಶಾಲು, ಹಾರ. ಇಲ್ಲಿ ಹೇಳಬೇಕಾದದ್ದು ಅದಲ್ಲ. ಯಾರೂ ನೋಡದಿರುವಾಗ ಆ ಜಾಗದಲ್ಲಿ ತಾನಾಗಿ ನಡೆದುಹೋಗುವ ನಡವಳಿಕೆ. ಅದಕ್ಕೆ ‘ರೂಢಿ’ಯೇ ಸರಿಯಾದ ಪದ. ಐದಕ್ಕೆ ಕೀಲಿಕೈ ಮನೆಗೆ ಹೋಗುವುದು ರೂಢಿ. ಒಳ್ಳೆಯ ಚೆಂಡುಗಳನ್ನು ಹುಡುಗರು ಮೊದಲು ಎತ್ತಿಕೊಳ್ಳುವುದು ರೂಢಿ. ಹಿರಿಯ ಆಟಗಾರ್ತಿಯರ ನೀರಿನ ಬಾಟಲಿಯನ್ನು ಕಿರಿಯಳು ತುಂಬಿಸುವುದು ರೂಢಿ. ಸೋತಾಗ ಯಾರೂ ಬೇಸರಪಡದಿರುವುದು ಎಲ್ಲಕ್ಕಿಂತ ಆಳವಾದ ರೂಢಿ. ಇವುಗಳಲ್ಲಿ ಒಂದನ್ನೂ ಯಾರೂ ಆಜ್ಞೆ ಹೊರಡಿಸಿ ಜಾರಿಗೆ ತಂದಿಲ್ಲ. ಆದ್ದರಿಂದಲೇ ಆಜ್ಞೆ ಹೊರಡಿಸಿ ತೆಗೆಯಲೂ ಆಗುವುದಿಲ್ಲ.

ರೂಢಿ ಹೇಗೆ ಬದಲಾಗುತ್ತದೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ನಾಸಿಕ್‌ಗೆ ಬರುವ ಮೊದಲು ಕೆಲವು ವರ್ಷ ನಾನು ಛತ್ರಪತಿ ಸಂಭಾಜಿನಗರದಲ್ಲಿದ್ದೆ. ಆಗ ಅದು ಔರಂಗಾಬಾದ್. ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಊರು. ಅಲ್ಲಿನವರ ಮಾತಿನ ದಖನಿ ಲಯ, ಸೆಪ್ಟೆಂಬರ್ 17ರ ಧ್ವಜಾರೋಹಣ, ಬಿಸಿಲು, ನೀರಿನ ಕಷ್ಟ ಎಲ್ಲವೂ ನಮ್ಮವೇ ಅನಿಸುತ್ತಿದ್ದವು. ಸಂಜೆ ನಡೆದಾಡುವ ದಾರಿಯಲ್ಲಿ ಒಂದು ಕಾಲೇಜಿನ ಸಿಮೆಂಟಿನ ಅಂಕಣವಿತ್ತು. ಅಲ್ಲಿ ಹುಡುಗಿಯರ ತಂಡವೊಂದು ಹೆಸರಿಗೆ ಮಾತ್ರ ಇತ್ತು. ಒಂದು ಜೂನ್ ತಿಂಗಳಲ್ಲಿ ಹೊಸ ದೈಹಿಕ ಶಿಕ್ಷಣ ಅಧ್ಯಾಪಕಿಯೊಬ್ಬರು ಬಂದರು. ಸಣ್ಣ ಆಳು, ಗಟ್ಟಿ ದನಿ. ನಡೆಯುತ್ತ ನಿಲ್ಲುತ್ತ, ಆಮೇಲೆ ಕಟ್ಟೆಯ ಮೇಲೆ ಕೂಡುತ್ತ, ಅವರ ಕೆಲಸವನ್ನು ನಾನು ಎರಡು ವರ್ಷ ನೋಡಿದೆ.

ಅವರು ಮೊದಲ ವಾರ ಮಾಡಿದ ಕೆಲಸ ಚೆಂಡಿನ ಖೋಲಿಯ ಕೀಲಿಕೈಯನ್ನು ಎರಡನೆಯ ವರ್ಷದ ಒಬ್ಬ ಹುಡುಗಿಯ ಕೈಗೆ ಕೊಟ್ಟದ್ದು. ಕಳೆದರೆ ಯಾರು ಹೊಣೆ ಎಂದು ಕಚೇರಿ ಕೇಳಿತಂತೆ. ತಾನೇ ಎಂದು ಬರೆದುಕೊಟ್ಟರಂತೆ. ಎರಡನೆಯದು ಚೆಂಡಿನದೇ ವಿಷಯ. ಗಂಡಸರ ಚೆಂಡು ಏಳನೆಯ ಅಳತೆಯದು, ಹೆಂಗಸರದು ಆರನೆಯದು. ಸುತ್ತಳತೆಯಲ್ಲೂ ತೂಕದಲ್ಲೂ ಸ್ವಲ್ಪ ಕಡಿಮೆ. ಆ ಹುಡುಗಿಯರು ವರ್ಷವೆಲ್ಲ ಹುಡುಗರು ಬಳಸಿ ಬಿಟ್ಟ ಏಳನೆಯ ಅಳತೆಯ ಸವೆದ ಚೆಂಡಿನಲ್ಲಿ ಅಭ್ಯಾಸ ಮಾಡಿ, ಪಂದ್ಯದ ದಿನ ಮೊದಲ ಬಾರಿಗೆ ಆರನೆಯ ಅಳತೆಯ ಚೆಂಡು ಹಿಡಿಯುತ್ತಿದ್ದರು. ಕೈಗೆ ಒಗ್ಗದ ಚೆಂಡು ಬುಟ್ಟಿಗೆ ಬೀಳುವುದು ಹೇಗೆ? ಇದನ್ನು ಪ್ರತಿಭೆಯ ಕೊರತೆಯೆಂದು ವರ್ಷವರ್ಷವೂ ಬರೆದುಕೊಳ್ಳಲಾಗುತ್ತಿತ್ತು. ಮೂರನೆಯದು ಬಸ್ಸು. ತಂಡದ ಅರ್ಧದಷ್ಟು ಹುಡುಗಿಯರು ಫುಲಂಬ್ರಿ, ಖುಲ್ತಾಬಾದ್, ಪೈಠಣದ ಕಡೆಯ ಹಳ್ಳಿಗಳವರು. ಆ ಅಧ್ಯಾಪಕಿ ಎಸ್.ಟಿ. ಬಸ್ಸುಗಳ ವೇಳಾಪಟ್ಟಿಯನ್ನು ಬರೆದುಕೊಂಡು ಬಂದು ಅಭ್ಯಾಸದ ಹೊತ್ತನ್ನು ಅದಕ್ಕೆ ಹೊಂದಿಸಿದರು. ದೂರದವರು ಮೊದಲು ಬಂದು ಮೊದಲು ಹೋಗುವರು. ಊರಿನವರು ಕತ್ತಲಾಗುವವರೆಗೆ ಉಳಿಯುವರು. ನಡುವಿನ ನಲವತ್ತು ನಿಮಿಷ ಎಲ್ಲರೂ ಕೂಡಿ ಆಡುವರು.

ಉಳಿದವು ಇನ್ನೂ ಸಣ್ಣವು. ನೀರು ತರುವ ಪಾಳಿ ಹಿರಿಯರಿಂದ ಶುರುವಾಯಿತು. ಮೊದಲ ದಿನ ತಂದವಳು ನಾಯಕಿ. ಒಂದು ಶನಿವಾರ ಮನೆಯ ತಾಯಂದಿರನ್ನು ಅಂಕಣಕ್ಕೆ ಕರೆದು ಕುರ್ಚಿ ಹಾಕಿ ಕೂಡಿಸಿದರು. ಪ್ರಯಾಣಭತ್ಯೆಯ ಹಣವನ್ನು ಎಲ್ಲರೆದುರಿಗೆ ಎಣಿಸಿ, ಪ್ರತಿಯೊಬ್ಬಳ ಕೈಗೆ ಕೊಟ್ಟು, ರುಜು ಹಾಕಿಸಿಕೊಂಡರು. ಹುಡುಗಿಯೊಬ್ಬಳು ಪುಸ್ತಕದಲ್ಲಿ ಪ್ರತಿ ಪಂದ್ಯದ ಲೆಕ್ಕ ಬರೆಯತೊಡಗಿದಳು: ಎಷ್ಟು ಸಲ ಚೆಂಡು ಕಳೆದುಕೊಂಡೆವು, ಎಷ್ಟು ಫ್ರೀ ಥ್ರೋ ತಪ್ಪಿದವು. ಸೋಲಿಗೆ ಹೀಗೆ ಮೊದಲ ಬಾರಿಗೆ ಒಂದು ಲೆಕ್ಕಪತ್ರ ಬಂತು. ಲೆಕ್ಕಪತ್ರ ಬಂದರೆ ಏನಾಗುತ್ತದೆಂದು ನಮ್ಮಂಥ ನೌಕರರಿಗೆ ಚೆನ್ನಾಗಿ ಗೊತ್ತು; ಅಲ್ಲಿಯವರೆಗೆ ಯಾರದೂ ಅಲ್ಲದ ನಷ್ಟಕ್ಕೆ ಒಬ್ಬ ವಾರಸುದಾರ ಸಿಗುತ್ತಾನೆ.

ಆ ಎರಡು ವರ್ಷಗಳಲ್ಲಿ ಅವರು ಯಾವ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಸಿನಿಮಾ ಆದೀತು. ಎರಡನೆಯ ವರ್ಷ ಒಂದು ಸುತ್ತು ದಾಟಿದರು, ಮುಂದಿನದರಲ್ಲಿ ಸೋತರು. ಆದರೆ ಸೋತು ಬಂದ ಮರುದಿನ ಸಂಜೆ ಅಂಕಣಕ್ಕೆ ಎಲ್ಲರೂ ಬಂದಿದ್ದರು, ಅಧ್ಯಾಪಕಿ ಅಂದು ರಜೆಯಲ್ಲಿದ್ದರೂ. ಖೋಲಿ ತೆರೆದಿತ್ತು. ರೂಢಿ ಬದಲಾಯಿತೆಂದು ನಾನು ತಿಳಿದದ್ದು ಆ ಸಂಜೆ.

ಅಲ್ಲಿಂದ ಮೂವತ್ತು ಕಿಲೋಮೀಟರು ದೂರದ ಎಲ್ಲೋರಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸವನ್ನು ಬೆಟ್ಟದ ನೆತ್ತಿಯಿಂದ ಕೆಳಮುಖವಾಗಿ ಕೆತ್ತುತ್ತ ಬಂದರೆಂದು ಮಾರ್ಗದರ್ಶಕರು ಹೇಳುತ್ತಾರೆ. ನಮ್ಮ ಆಡಳಿತ ಮಂಡಳಿಗಳು ತಂಡವನ್ನೂ ಹಾಗೆಯೇ ಕಟ್ಟಬಹುದೆಂದು ನಂಬುತ್ತವೆ: ಮೇಲಿನಿಂದ ಒಬ್ಬ ಕಟ್ಟುನಿಟ್ಟಿನ ತರಬೇತುದಾರ, ಹೊರಗಿನಿಂದ ಇಬ್ಬರು ಎತ್ತರದ ಹುಡುಗಿಯರು, ಮುಂದಿನ ವರ್ಷ ಟ್ರೋಫಿ. ಕಲ್ಲು ಕೆತ್ತುವವನ ಮಾತು ಕೇಳುತ್ತದೆ. ಹುಡುಗಿಯರು ಕಲ್ಲಲ್ಲ.

*

ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ದೊಡ್ಡ ವ್ಯವಸ್ಥೆಯಾಗಿ ಬೆಳೆದಿರುವುದು ಅಮೆರಿಕದಲ್ಲಿ. ಜೇಮ್ಸ್ ನೈಸ್ಮಿತ್ 1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದ ಒಂದೆರಡು ವರ್ಷಗಳಲ್ಲೇ ಹತ್ತಿರದ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. ಆದರೆ ಓಡಿದರೆ ದಣಿವಾದೀತೆಂದು ಅಂಕಣವನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗ ದಾಟಬಾರದೆಂಬ ನಿಯಮವಿತ್ತು. ಹುಡುಗಿಯರ ಆಟಕ್ಕೆ ಗೆರೆ ಎಳೆಯುವ ಅಭ್ಯಾಸ ನಮ್ಮ ದೇಶದ್ದು ಮಾತ್ರವಲ್ಲ.

ಅಲ್ಲಿನ ಮೂರು ಹೆಸರುಗಳನ್ನು ನಾಯಕತ್ವದ ಮಾದರಿಗಳೆಂದು ಎಲ್ಲರೂ ಹೇಳುತ್ತಾರೆ. ಪ್ಯಾಟ್ ಸಮ್ಮಿಟ್ 1974ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಟೆನೆಸ್ಸಿ ವಿಶ್ವವಿದ್ಯಾಲಯದ ತಂಡದ ಹೊಣೆ ಹೊತ್ತರು. ವ್ಯಾನನ್ನು ತಾವೇ ಓಡಿಸಿ, ಸಮವಸ್ತ್ರಗಳನ್ನು ತಾವೇ ಒಗೆದ ಕಾಲ ಅದು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1987ರಲ್ಲಿ. ಗೀನೊ ಔರಿಯೆಮ್ಮಾ 1985ರಲ್ಲಿ ಕನೆಕ್ಟಿಕಟ್‌ಗೆ ಹೋದಾಗ ಆ ತಂಡದ ಇತಿಹಾಸದಲ್ಲಿ ಸೋಲಿಗಿಂತ ಗೆಲುವು ಹೆಚ್ಚಾಗಿದ್ದ ವರ್ಷ ಒಂದೇ ಒಂದು. ಅವರ ಮೊದಲ ಪ್ರಶಸ್ತಿ 1995ರಲ್ಲಿ. ಡಾನ್ ಸ್ಟೇಲಿ, ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು, 2008ರಲ್ಲಿ ಸೌತ್ ಕ್ಯಾರೊಲೈನಾಗೆ ಬಂದ ಮೊದಲ ಋತುವಿನಲ್ಲಿ ಹತ್ತು ಪಂದ್ಯ ಗೆದ್ದು ಹದಿನೆಂಟು ಸೋತರು, ಪ್ರಶಸ್ತಿ 2017ರಲ್ಲಿ. ಹದಿಮೂರು ವರ್ಷ, ಹತ್ತು ವರ್ಷ, ಒಂಬತ್ತು ವರ್ಷ. ಇವರು ಆ ಆಟದ ಅತ್ಯುತ್ತಮ ತರಬೇತುದಾರರೆನಿಸಿಕೊಂಡವರು. ನಮ್ಮ ಕಾಲೇಜು ಮೂರು ವರ್ಷದ ಸೋಲಿಗೆ ಬಾಗಿಲು ಹಾಕಲು ಹೊರಟಿದೆ.

ಸಮ್ಮಿಟ್ ಮೃದು ಸ್ವಭಾವದವರಾಗಿರಲಿಲ್ಲ. ಅವರ ಒಂದು ನೋಟಕ್ಕೆ ಆಟಗಾರ್ತಿಯರು ನಡುಗುತ್ತಿದ್ದರು. ಆದರೆ ಆ ಕಟ್ಟುನಿಟ್ಟು ಎಲ್ಲಿಗೆ ಮುಟ್ಟುತ್ತಿತ್ತೆಂಬುದನ್ನು ಗಮನಿಸಬೇಕು. ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲೇ ಕೂಡಬೇಕು, ಪಾಠ ತಪ್ಪಿಸಬಾರದು ಎಂಬುದು ಅವರ ನಿಯಮಗಳಲ್ಲೊಂದು. 1,098 ಪಂದ್ಯ ಗೆದ್ದ ಅವರ ಕೈಕೆಳಗೆ ಪೂರ್ಣಾವಧಿ ಆಡಿದ ಪ್ರತಿಯೊಬ್ಬಳೂ ಪದವಿ ಪಡೆದಳು. ನನಗೆ ಮೊದಲಿನದಕ್ಕಿಂತ ಎರಡನೆಯ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ನಮ್ಮ ಮೈದಾನಗಳಲ್ಲಿ ಕಟ್ಟುನಿಟ್ಟೆಂಬ ಹೆಸರಿನಲ್ಲಿ ನಡೆಯುವುದು ಅನೇಕ ಸಲ ಅವಮಾನ: ಮೈಯ ಬಗ್ಗೆ, ಬಣ್ಣದ ಬಗ್ಗೆ, ತಿಂಗಳ ದಿನಗಳ ಬಗ್ಗೆ ಮಾತು. ಆ ಶಿಸ್ತಿನಿಂದ ತಂಡ ಗೆದ್ದರೂ ಹುಡುಗಿ ಸೋಲುತ್ತಾಳೆ.

ಬೇಗ ಗೆದ್ದವರೂ ಇದ್ದಾರೆಂದು ಯಾರಾದರೂ ಇಮ್ಯಾಕ್ಯುಲೇಟಾ ಕಾಲೇಜನ್ನು ತೋರಿಸಬಹುದು. ಫಿಲಡೆಲ್ಫಿಯಾ ಬಳಿಯ ಆ ಪುಟ್ಟ ಕ್ಯಾಥೊಲಿಕ್ ಮಹಿಳಾ ಕಾಲೇಜಿನ ವ್ಯಾಯಾಮಶಾಲೆ ಬೆಂಕಿಗೆ ಆಹುತಿಯಾಗಿತ್ತು. ಪ್ರಯಾಣಕ್ಕೆ ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿ ಹಣ ಕೂಡಿಸಿದರು. ಆದರೂ ಕ್ಯಾಥಿ ರಷ್ ಎಂಬ ಯುವ ತರಬೇತುದಾರ್ತಿಯ ಕೈಯಲ್ಲಿ 1972, 1973, 1974 ಮೂರೂ ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ನಿಜ. ಆದರೆ ಆ ನಗರದ ಕ್ಯಾಥೊಲಿಕ್ ಶಾಲೆಗಳಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಮೊದಲಿನಿಂದಲೂ ಗಟ್ಟಿಯಾಗಿತ್ತು. ಹದಗೊಂಡ ಹೊಲಕ್ಕೆ ಮಳೆ ಬಿದ್ದ ಹಾಗೆ ಅದು. ಮತ್ತೊಂದು ಮಾತು: ಸಮ್ಮಿಟ್ ಆಗಲಿ ಔರಿಯೆಮ್ಮಾ ಆಗಲಿ ಬರಿಗೈಯಲ್ಲಿ ಗೆದ್ದವರಲ್ಲ. ಅವರ ಬೆನ್ನಿಗೆ 1972ರ ‘ಟೈಟಲ್ ನೈನ್’ ಎಂಬ ಕಾನೂನಿತ್ತು. ಮೂಲದಲ್ಲಿ ಮೂವತ್ತೇಳೇ ಪದಗಳ ಆ ವಾಕ್ಯದಲ್ಲಿ ಆಟವೆಂಬ ಪದವೇ ಇಲ್ಲ. ಸರಕಾರದ ನೆರವು ಪಡೆಯುವ ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂದಷ್ಟೇ ಹೇಳುತ್ತದೆ. ಹುಡುಗರಿಗೆ ಕೊಟ್ಟದ್ದನ್ನು ಹುಡುಗಿಯರಿಗೂ ಕೊಡಬೇಕಾಯಿತು. ನಾಯಕರನ್ನು ಹೊಗಳುವಾಗ ಕಾನೂನನ್ನೂ ನೆನೆಯಬೇಕು. ಇಲ್ಲದಿದ್ದರೆ, ಎಲ್ಲ ಕೊರತೆಯನ್ನೂ ಒಬ್ಬ ಒಳ್ಳೆಯ ಅಧ್ಯಾಪಕಿ ತುಂಬಿಕೊಡಲಿ ಎಂದು ನಾವು ಕೈಕಟ್ಟಿ ಕೂಡುತ್ತೇವೆ.

*

ಅಮೆರಿಕದ ಮಾತು ಸಾಕು. ನಮ್ಮಲ್ಲಿ ಆಗುವುದಿಲ್ಲ ಎನ್ನುವವರಿಗೆ ನಮ್ಮಲ್ಲೇ ಉತ್ತರಗಳಿವೆ. ಭಿಲಾಯಿ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ರಾಜೇಶ್ ಪಟೇಲ್ ಎಂಬ ತರಬೇತುದಾರರಿದ್ದರು, 2018ರಲ್ಲಿ ತೀರಿಕೊಂಡರು. ಬಡ ಮನೆಗಳ ಹುಡುಗಿಯರನ್ನು ಕರೆತಂದು, ಅವರ ಯೋಗಕ್ಷೇಮದ ಹೊಣೆ ಹೊತ್ತು, ಹೊಸ ರಾಜ್ಯವಾದ ಛತ್ತೀಸಗಢಕ್ಕೆ ದೇಶದ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಹೆಸರು ತಂದುಕೊಟ್ಟರು. ವಾರಾಣಸಿಯ ಉದಯ ಪ್ರತಾಪ ಕಾಲೇಜಿನ ಅಂಕಣದಲ್ಲಿ ಆಡಿ ಬೆಳೆದ ಸಿಂಗ್ ಸಹೋದರಿಯರಲ್ಲಿ ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರೂ ಭಾರತ ತಂಡಕ್ಕೆ ಆಡಿದರು. ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಬಂತು. ತಮಿಳುನಾಡಿನ ಅನಿತಾ ಪೌಲ್‌ದುರೈ, ಮದುವೆ, ಮಗು, ರೈಲ್ವೆಯ ನೌಕರಿಗಳ ನಡುವೆ ವರ್ಷಾನುವರ್ಷ ದೇಶಕ್ಕೆ ಆಡಿ, 2021ರಲ್ಲಿ ಅದೇ ಗೌರವ ಪಡೆದರು. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅದೇ ಬೆಂಗಳೂರಿನಲ್ಲಿ 2017ರ ಜುಲೈಯಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದರು. ಎರಡು ಅಂಕಗಳ ಅಂತರ, ಒಂದೇ ಒಂದು ಬುಟ್ಟಿ.

‘ನಮ್ಮ ಹುಡುಗಿಯರಿಗೆ ಎತ್ತರವಿಲ್ಲ’ ಎಂಬುದು ಇನ್ನೊಂದು ಸಿದ್ಧ ಉತ್ತರ. ಜಪಾನಿನ ಮಹಿಳೆಯರೂ ಎತ್ತರದವರಲ್ಲ. 2019ರಲ್ಲಿ ಬೆಂಗಳೂರಿನಲ್ಲೇ ಅವರು ಏಷ್ಯಾ ಕಪ್ ಎತ್ತಿದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅಂತಿಮ ಪಂದ್ಯಕ್ಕೇರಿ ಬೆಳ್ಳಿ ಗೆದ್ದರು. ಎತ್ತರದ ಕೊರತೆಯನ್ನು ಓಟದಿಂದ, ದೂರದಿಂದ ಹೊಡೆಯುವ ಮೂರಂಕಿಯ ಗುರಿಯಿಂದ ತುಂಬಿಕೊಂಡರು. ಅಂಥ ಗುರಿ ಹುಟ್ಟಿನಿಂದ ಬರುವುದಿಲ್ಲ. ಸರಿಯಾದ ಅಳತೆಯ ಚೆಂಡಿನಿಂದ, ತೆರೆದ ಖೋಲಿಯಿಂದ, ಸಾವಿರಾರು ಸಂಜೆಗಳಿಂದ ಬರುತ್ತದೆ.

ನಾಸಿಕ್‌ಗಂತೂ ಬೇರೆ ಊರಿನ ಉದಾಹರಣೆಯೇ ಬೇಡ. ಈ ಜಿಲ್ಲೆಯ ಸಾವರ್‌ಪಾಡಾ ಎಂಬ ಆದಿವಾಸಿ ಹಳ್ಳಿಯ ಕವಿತಾ ರಾವುತ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ಓಟದಲ್ಲಿ ಕಂಚು, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಅವರನ್ನು ನಾಸಿಕ್‌ನಲ್ಲಿ ತರಬೇತುಗೊಳಿಸಿದವರು ವಿಜೇಂದ್ರ ಸಿಂಗ್. ಮರಾಠಿ ನಾಡಿನವರಲ್ಲ, ಉತ್ತರದಿಂದ ಇಲ್ಲಿಗೆ ಬಂದವರು. ಒಬ್ಬಳು ಗೆದ್ದ ಮೇಲೆ ಅವರು ನಿಲ್ಲಲಿಲ್ಲ. ಅವಳ ಹಿಂದೆ ಹಳ್ಳಿಗಳಿಂದ ಇನ್ನಷ್ಟು ಹುಡುಗಿಯರು ಬಂದರು, ಸಂಜೀವನಿ ಜಾಧವ್ 2017ರಲ್ಲಿ ತೈಪೆಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅದೇ ದೂರದ ಓಟದ ಬೆಳ್ಳಿ ಗೆದ್ದರು. ಮುಂಜಾನೆ ಓಡುವ ಹುಡುಗಿಯನ್ನು ಕಂಡು ನಾಸಿಕ್ ಈಗ ಬೆರಗಾಗುವುದಿಲ್ಲ. ರೂಢಿಯೆಂದರೆ ಅದೇ. ಹೊರಗಿನವನೊಬ್ಬ ಊರಿನ ರೂಢಿಯನ್ನು ಬದಲಿಸಬಹುದೆಂಬುದು ನನ್ನಂಥವಳಿಗೆ ಅದರಲ್ಲಿರುವ ಖಾಸಗಿ ಪಾಠ. ‘ಹೊರಗಿನವರು ನಾವು, ನಮಗೇಕೆ’ ಎಂದು ಅವರು ಅಂದುಕೊಳ್ಳಲಿಲ್ಲ.

*

ಆಡಳಿತ ಮಂಡಳಿಯ ಕಷ್ಟವನ್ನು ನಾನು ಅರಿಯದವಳಲ್ಲ. ಪ್ರಯೋಗಾಲಯಕ್ಕೆ ಸಲಕರಣೆಯಿಲ್ಲ, ಗ್ರಂಥಾಲಯಕ್ಕೆ ಗ್ರಂಥಪಾಲಕರಿಲ್ಲ. ಇಂಥಲ್ಲಿ ಸೋಲುವ ತಂಡಕ್ಕೆ ಹಣ ಕೇಳುವುದು ನ್ಯಾಯವೇ ಎಂದು ಅವರು ಕೇಳಬಹುದು. ಆದರೆ ನಾನು ಕೇಳುತ್ತಿರುವುದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಿಲ್ಲ. ಆರನೆಯ ಅಳತೆಯ ಆರು ಚೆಂಡುಗಳಿಗೆ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯಷ್ಟೂ ಆಗುವುದಿಲ್ಲ. ಕೀಲಿಕೈಗೆ ಖರ್ಚಿಲ್ಲ. ಅಭ್ಯಾಸದ ಹೊತ್ತನ್ನು ಬಸ್ಸಿಗೆ ಹೊಂದಿಸಲು ಖರ್ಚಿಲ್ಲ. ನಾಯಕಿಯನ್ನು ಆಟಗಾರ್ತಿಯರೇ ಆರಿಸಲು ಖರ್ಚಿಲ್ಲ. ಅಂಕಣದ ಹತ್ತಿರ ಬಾಗಿಲು ಸರಿಯಿರುವ, ನೀರಿರುವ ಶೌಚಾಲಯವೊಂದು ಬೇಕು. ಅದು ಆಟಕ್ಕಾಗಿ ಅಲ್ಲ, ಹೇಗೂ ಬೇಕಾದದ್ದು.

ಇನ್ನೊಂದನ್ನು ಬಿಡುವಂತಿಲ್ಲ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ದೇಶದ ಪದಕವಿಜೇತ ಕುಸ್ತಿಪಟುಗಳು ಧರಣಿ ಕುಳಿತದ್ದನ್ನು ನೋಡಿದ ಮೇಲೂ, ಹುಡುಗಿಯರ ತಂಡವನ್ನು ಯಾರ ಜೊತೆ ಕಳಿಸುತ್ತೀರಿ, ದೂರು ಬಂದರೆ ಯಾರು ಕೇಳುತ್ತಾರೆ ಎಂದು ಪಾಲಕರು ಪ್ರಶ್ನಿಸಿದರೆ ಅದನ್ನು ಅನುಮಾನದ ಮಾತೆಂದು ತಳ್ಳಿಹಾಕಬಾರದು. ಕಚೇರಿಗಳಿಗೆ 2013ರ ಕಾನೂನಿದೆ; ಕಾಲೇಜುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿಯಿದೆ; ಎರಡರಲ್ಲೂ ಆಂತರಿಕ ಸಮಿತಿ ಕಡ್ಡಾಯ. ಆ ಸಮಿತಿಯ ಸದಸ್ಯರ ಹೆಸರನ್ನು ಸೂಚನಾ ಫಲಕದಲ್ಲಷ್ಟೇ ಅಲ್ಲ, ಚೆಂಡಿನ ಖೋಲಿಯ ಬಾಗಿಲ ಮೇಲೂ ಅಂಟಿಸಲಿ. ಜೊತೆಗೆ ಹೋಗಲು ಅಧ್ಯಾಪಕಿಯರು ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲವೆಂದು ಅವರನ್ನೇ ಕೇಳಲಿ. ಅವರಿಗೂ ಮನೆ, ಮಕ್ಕಳು, ಹೊತ್ತಿಲ್ಲದ ಹೊತ್ತಿನ ಪ್ರಯಾಣವಿದೆ. ಆ ದಿನಗಳನ್ನು ಕರ್ತವ್ಯದ ದಿನಗಳೆಂದು ಪರಿಗಣಿಸಿ ಬದಲಿ ರಜೆ ಕೊಟ್ಟರೆ ಒಪ್ಪುವವರು ಸಿಕ್ಕಾರು.

ಹೀಗೆಲ್ಲ ಮಾಡಿದರೆ ತಂಡ ಗೆಲ್ಲುತ್ತದೆಯೇ? ಗೆಲ್ಲುತ್ತದೆಂದು ನಾನು ಬರೆದುಕೊಡಲಾರೆ. ಪ್ರತಿ ಪಂದ್ಯದಲ್ಲಿ ಒಂದು ತಂಡ ಸೋಲಲೇಬೇಕು, ಅದು ಆಟದ ಕಟ್ಟಳೆ. ನಾನು ಹೇಳುವುದು ಇಷ್ಟೇ: ಸೋಲನ್ನು ನೆಪ ಮಾಡಿಕೊಂಡು ತಂಡವನ್ನು ಮುಚ್ಚುವ ಅಧಿಕಾರ, ಆ ಹುಡುಗಿಯರಿಗೆ ಗೆಲ್ಲಲು ಬೇಕಾದ ಕನಿಷ್ಠ ಅನುಕೂಲವನ್ನು ಒಂದು ವರ್ಷವಾದರೂ ಕೊಟ್ಟು ನೋಡದವರಿಗೆ ಇಲ್ಲ.

ಕಳೆದ ವಾರ ಪ್ರಾಚಾರ್ಯರಿಗೆ ಒಂದು ಪತ್ರ ಬರೆದೆ, ಮರಾಠಿಯಲ್ಲಿ. ಮಗಳು ತಿದ್ದಿಕೊಟ್ಟಳು, ಎರಡು ಕಡೆ ನನ್ನ ವಾಕ್ಯ ಕನ್ನಡದ ಹಾಗಿದೆಯೆಂದು ನಕ್ಕಳು. ಇನ್ನೂ ಇಬ್ಬರು ತಾಯಂದಿರು ರುಜು ಹಾಕಿದ್ದಾರೆ. ಅವರಲ್ಲೊಬ್ಬರು ಕೂಡ ಆ ದಿನ ಸಭೆಯಲ್ಲಿ ಮಾತಾಡಬೇಕೆಂದುಕೊಂಡು ಸುಮ್ಮನಿದ್ದವರೇ. ಉತ್ತರ ಬಂದಿಲ್ಲ. ಪ್ರವೇಶದ ಅರ್ಜಿ ಸಲ್ಲಿಸಲು ಇನ್ನೂ ಕೆಲವು ದಿನಗಳಿವೆ. ಕೊನೆಯ ದಿನ ಯಾವುದೆಂದು ಈ ಸಲ ನನಗೆ ಗೊತ್ತಿದೆ. ಪುಣೆಯಲ್ಲೋ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕುಳಿತು ಇದನ್ನು ಓದುವ ನಿಮ್ಮ ಮಗಳ ಕಾಲೇಜಿನಲ್ಲೂ ಇಂಥದೊಂದು ತಂಡ ಇರಬಹುದು. ಈ ಸಂಜೆ ಅವಳನ್ನು ಒಂದು ಮಾತು ಕೇಳಿ: ಚೆಂಡಿನ ಖೋಲಿಯ ಕೀಲಿಕೈ ಯಾರ ಹತ್ತಿರ ಇದೆ?